ಭಾಷಣಕ್ಕೆ ವಿಷಯ ಎಲ್ಲಿದೆ?



ಭಾಷಣ ಸ್ಪರ್ಧೆಗೆ ಹೆಸರು ಕೊಟ್ಟು ಬಂದ ದಿನ ನಿಮ್ಮಲ್ಲಿ ಬಹುಮಂದಿ ಮಾಡುವ ಮೊದಲ ಕೆಲಸ ಯಾವುದು? ಅಣ್ಣನನ್ನೋ, ಅಕ್ಕನನ್ನೋ, ಕನ್ನಡ ಮೇಷ್ಟರನ್ನೋ ಹಿಡಿದು “ಯಾವ ವಿಷಯ ಮಾತಾಡಲಿ?” ಎಂದು ಕೇಳುವುದು. ಅವರು ಒಂದು ವಿಷಯ ಹೇಳುತ್ತಾರೆ. ಪರಿಸರ ಸಂರಕ್ಷಣೆ, ರಾಷ್ಟ್ರೀಯ ಭಾವೈಕ್ಯ, ವಿಜ್ಞಾನ ವರವೋ ಶಾಪವೋ, ಇಂಥದ್ದು. ಹಿಂದೆ ಇದಕ್ಕಾಗಿ ಪ್ರಬಂಧಗಳ ಪುಸ್ತಕ ಹುಡುಕಬೇಕಿತ್ತು. ಈಗ ಮೊಬೈಲಿನಲ್ಲಿ ಕೇಳಿದರೆ ಅರೆಗಳಿಗೆಯಲ್ಲಿ ಸಿದ್ಧ ಭಾಷಣವೇ ಬಂದು ನಿಲ್ಲುತ್ತದೆ. ಉರು ಹೊಡೆದರೆ ಕೆಲಸ ಮುಗಿಯಿತು.

ನಿಜವಾಗಿ ಮುಗಿಯಿತೇ? ಕೆಲವು ವರ್ಷಗಳ ಹಿಂದಿನ ಒಂದು ಧ್ವನಿಮುದ್ರಣದ ದಿನವನ್ನು ನೆನೆಯುತ್ತೇನೆ. ವಿದ್ಯಾರ್ಥಿಗಳ ಕಿರುಭಾಷಣಗಳ ಕಾರ್ಯಕ್ರಮ. ಬಯಲುಸೀಮೆಯ ಒಂದು ತಾಲೂಕು ಪಟ್ಟಣದಿಂದ ಪಿ.ಯು.ಸಿ. ಓದುವ ಹುಡುಗಿಯೊಬ್ಬಳು ಬಂದಿದ್ದಳು. ಜಿಲ್ಲಾ ಮಟ್ಟದಲ್ಲಿ ಬಹುಮಾನ ಪಡೆದವಳು. “ಪರಿಸರ ಸಂರಕ್ಷಣೆ” ಎಂಬ ವಿಷಯವನ್ನು ಅವಳಿಗೆ ಕೊಟ್ಟವನು ನಾನೇ. ಕ್ಯಾಮೆರಾ ಶುರುವಾಯಿತು. ಒಂದೂವರೆ ನಿಮಿಷ ಮಾತು ನೀರಿನಂತೆ ಹರಿಯಿತು. ಆಮೇಲೆ ಒಂದು ಪದ ಮರೆಯಿತು. ಆ ಪದ ಮರೆತದ್ದೇ ತಡ, ಮುಂದಿನದೆಲ್ಲ ಮರೆಯಿತು. ಎರಡನೆಯ ಸಲವೂ ಅಲ್ಲೇ ನಿಂತಳು. ಮೂರನೆಯ ಸಲ ಕಣ್ಣಲ್ಲಿ ನೀರು.

ನಾನು ದೀಪಗಳನ್ನು ಆರಿಸಲು ಹೇಳಿ, ಚಹಾ ತರಿಸಿ, “ಏನಮ್ಮಾ, ನಿದ್ದೆ ಸರಿಯಾಗಿ ಆಗಿಲ್ಲವಾ?” ಎಂದೆ. “ಇಲ್ಲ ಸಾರ್, ನಿನ್ನೆ ರಾತ್ರಿ ನಲ್ಲಿ ನೀರು ಬಿಡುವ ದಿನ” ಎಂದಳು. ಅವರ ಬೀದಿಗೆ ಎಂಟು ದಿನಕ್ಕೊಮ್ಮೆ ನೀರು. ಯಾವ ಹೊತ್ತಿಗೆ ಎಂದು ಯಾರಿಗೂ ಗೊತ್ತಿಲ್ಲ. ಆ ರಾತ್ರಿ ಇಡೀ ಬೀದಿ ಎಚ್ಚರವಿರುತ್ತದೆ. ಬಿಂದಿಗೆಗಳ ಸಾಲು ಕಾಯುವ ಸರದಿ ಮಕ್ಕಳದ್ದು. ಗಣಿತ ಪರೀಕ್ಷೆಯ ಹಿಂದಿನ ರಾತ್ರಿಯೂ ಅವಳು ಸಾಲು ಕಾದವಳೇ. ಇದನ್ನು ಹೇಳುವಾಗ ಅವಳು ಒಮ್ಮೆಯೂ ತಡವರಿಸಲಿಲ್ಲ. ಒಂದು ಪದಕ್ಕೂ ಹುಡುಕಾಡಲಿಲ್ಲ.

“ಇದನ್ನೇ ಮಾತಾಡು” ಎಂದೆ. ಅವಳು ನನ್ನನ್ನು ನೋಡಿ, “ಇದೂ ಒಂದು ಭಾಷಣವಾ ಸಾರ್?” ಎಂದಳು.

ಈ ಪ್ರಶ್ನೆಯೇ ಇಂದಿನ ನನ್ನ ಮಾತಿಗೆ ಕಾರಣ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎಂಬ ಗಾದೆ ನಮ್ಮಲ್ಲಿದೆ. ಅಂಗೈಯಲ್ಲಿರುವ ಬೆಣ್ಣೆ ನಮ್ಮ ಕಣ್ಣಿಗೆ ಬೀಳುವಂತೆ ಮಾಡಲು ಕೆಲವು ಸರಳ ವಿಧಾನಗಳಿವೆ. ಅವು ಹುಟ್ಟಿದ ಬಗೆ, ಅವನ್ನು ಬಳಸುವ ಕ್ರಮ ಎರಡನ್ನೂ ನೋಡೋಣ.

ಇಂಗ್ಲಿಷಿನಲ್ಲಿ ಬ್ರೈನ್‌ಸ್ಟಾರ್ಮಿಂಗ್ ಎನ್ನುವುದನ್ನು ನಾವು ಬುದ್ಧಿಮಂಥನ ಎನ್ನೋಣ. ಇದನ್ನು ಒಂದು ಪದ್ಧತಿಯಾಗಿ ಜನಪ್ರಿಯಗೊಳಿಸಿದವರು ಅಮೆರಿಕದ ಅಲೆಕ್ಸ್ ಆಸ್‌ಬಾರ್ನ್. ಅವರು ವಿಜ್ಞಾನಿಯಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ. ಜಾಹೀರಾತು ಸಂಸ್ಥೆಯೊಂದರ ಸ್ಥಾಪಕರಲ್ಲಿ ಒಬ್ಬರು. ದಿನವೂ ಹೊಸ ಕಲ್ಪನೆಗಳನ್ನು ಹುಡುಕುವುದೇ ಅವರ ಕಸುಬು. ೧೯೫೩ರಲ್ಲಿ ಪ್ರಕಟವಾದ ‘ಅಪ್ಲೈಡ್ ಇಮ್ಯಾಜಿನೇಷನ್’ ಎಂಬ ಪುಸ್ತಕದಲ್ಲಿ ಅವರು ತಮ್ಮ ಪದ್ಧತಿಯನ್ನು ವಿವರಿಸಿದರು. ಅದರಲ್ಲಿ ನಾಲ್ಕು ನಿಯಮಗಳು. ಮೊದಲನೆಯದು, ಕಲ್ಪನೆಗಳು ಬರುತ್ತಿರುವಾಗ ಟೀಕೆ ಕೂಡದು. ಎರಡನೆಯದು, ಎಷ್ಟು ವಿಚಿತ್ರವಾದ ಕಲ್ಪನೆ ಬಂದರೂ ಸ್ವಾಗತ. ಮೂರನೆಯದು, ಸಂಖ್ಯೆ ಹೆಚ್ಚಬೇಕು. ನಾಲ್ಕನೆಯದು, ಒಂದರ ಜೊತೆ ಇನ್ನೊಂದನ್ನು ಬೆಸೆದು ಉತ್ತಮಪಡಿಸಬೇಕು.

ಮೊದಲನೆಯ ನಿಯಮವೇ ಎಲ್ಲಕ್ಕಿಂತ ಮುಖ್ಯ. ನಮ್ಮ ಮನಸ್ಸು ಎರಡು ಕೆಲಸ ಮಾಡಬೇಕು: ಹುಡುಕುವುದು ಒಂದು, ತೂಗುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಮಾಡಹೊರಟರೆ ತೂಗುವವನು ಹುಡುಕುವವನ ಬಾಯಿ ಮುಚ್ಚಿಸುತ್ತಾನೆ. “ಇದೂ ಒಂದು ಭಾಷಣವಾ?” ಎಂದು ಆ ಹುಡುಗಿ ಕೇಳಿದಳಲ್ಲ, ಅದು ತೂಗುವವನ ಮಾತು. ಅವನು ತುಂಬ ಬೇಗ ಬಂದುಬಿಟ್ಟಿದ್ದ. ಆದ್ದರಿಂದ ಅವನನ್ನು ಸ್ವಲ್ಪ ಹೊತ್ತು ಬಾಗಿಲ ಹೊರಗೆ ಕೂರಿಸಬೇಕು.

ಆಸ್‌ಬಾರ್ನ್ ಅವರ ಒಂದು ನಂಬಿಕೆ ಮಾತ್ರ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಗುಂಪಿನಲ್ಲಿ ಕುಳಿತರೆ ಒಬ್ಬೊಬ್ಬರಿಗೂ ಹೆಚ್ಚು ಕಲ್ಪನೆಗಳು ಬರುತ್ತವೆ ಎಂದು ಅವರು ತಿಳಿದಿದ್ದರು. ೧೯೫೮ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಸಂಶೋಧಕರು ಇದನ್ನು ಪರೀಕ್ಷಿಸಿದರು. ನಾಲ್ವರು ಒಟ್ಟಿಗೆ ಕುಳಿತು ಮಾಡಿದ ಪಟ್ಟಿಗಿಂತ, ನಾಲ್ವರು ಬೇರೆ ಬೇರೆ ಕುಳಿತು ಬರೆದು ಕೂಡಿಸಿದ ಪಟ್ಟಿಯೇ ದೊಡ್ಡದಾಗಿತ್ತು. ೧೯೮೭ರಲ್ಲಿ ಮೈಕೆಲ್ ಡೀಲ್ ಮತ್ತು ವೋಲ್ಫ್‌ಗ್ಯಾಂಗ್ ಸ್ಟ್ರೋಬೆ ಎಂಬ ವಿಜ್ಞಾನಿಗಳು ಇದರ ಮುಖ್ಯ ಕಾರಣವನ್ನು ತೋರಿಸಿದರು. ಗುಂಪಿನಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು. ಕಾಯುವಾಗ ತಮ್ಮ ಕಲ್ಪನೆ ಮಸಕಾಗುತ್ತದೆ. ಇದರಿಂದ ನಮಗೆ ಸಿಗುವ ಪಾಠ ಸರಳ: ಮೊದಲು ಒಬ್ಬರೇ ಕುಳಿತು ಬರೆಯಿರಿ, ಆಮೇಲೆ ಗೆಳೆಯರ ಜೊತೆ ಕೂಡಿ ಮಾತಾಡಿ.

ಇನ್ನು ವಿಧಾನಗಳಿಗೆ ಬರೋಣ. ಬೇಕಾದದ್ದು ನಾಲ್ಕು ಹಾಳೆ, ಒಂದು ಪೆನ್ನು, ಒಂದು ಗಡಿಯಾರ.

ಮೊದಲನೆಯ ವಿಧಾನ ಪಟ್ಟಿ. ಹತ್ತು ನಿಮಿಷ ಗೊತ್ತುಮಾಡಿಕೊಳ್ಳಿ. ನಿಮಗೆ ತಿಳಿದಿರುವ, ಕಾಡುವ, ಸಿಟ್ಟು ಬರಿಸುವ, ನಗಿಸುವ ಸಂಗತಿಗಳನ್ನು ಒಂದರ ಕೆಳಗೊಂದು ಬರೆಯುತ್ತ ಹೋಗಿ. ಮೂವತ್ತು ಆಗಬೇಕು. ಮೊದಲ ಹತ್ತು ಎಲ್ಲರ ತಲೆಗೂ ಬರುವಂಥವೇ ಆಗಿರುತ್ತವೆ. ಆಗ ಬೇಸರಪಟ್ಟು ನಿಲ್ಲಿಸಬೇಡಿ. ಸಮುದ್ರ ಮಥನದಲ್ಲೂ ಅಮೃತ ಮೊದಲು ಬರಲಿಲ್ಲ. ಹನ್ನೆರಡು ಹದಿನೈದು ಆದಮೇಲೆ ಕೈ ನಿಲ್ಲುತ್ತದೆ. ಅಲ್ಲಿ ತಡೆದುಕೊಂಡು ಮುಂದುವರಿದರೆ ನಿಮ್ಮ ಮನೆ, ನಿಮ್ಮ ಬೀದಿ, ನಿಮ್ಮ ಬಸ್ಸು, ನಿಮ್ಮ ಅಜ್ಜಿ ಪಟ್ಟಿಯೊಳಗೆ ಬರತೊಡಗುತ್ತಾರೆ. ನಿಮ್ಮ ವಿಷಯ ಸಾಮಾನ್ಯವಾಗಿ ಅವರ ಜೊತೆಯಲ್ಲಿಯೇ ಬರುತ್ತದೆ.

ಎರಡನೆಯ ವಿಧಾನ ಕವಲುಚಿತ್ರ. ಹಾಳೆಯ ನಡುವೆ ಒಂದು ಪದ ಬರೆದು ವೃತ್ತ ಎಳೆಯಿರಿ. ಆ ಪದ ನೆನಪಿಗೆ ತರುವ ಇನ್ನೊಂದು ಪದಕ್ಕೆ ಗೆರೆ ಎಳೆಯಿರಿ. ಅದರಿಂದ ಮತ್ತೊಂದಕ್ಕೆ. ಆ ಹುಡುಗಿಯ ಸಂಗತಿಯನ್ನೇ ಇಟ್ಟುಕೊಂಡು “ನೀರು” ಎಂದು ನಡುವೆ ಬರೆಯೋಣ. ಬೆಂಗಳೂರಿನ ವಿದ್ಯಾರ್ಥಿಯ ಹಾಳೆ ಹೀಗಿರಬಹುದು. ಒಂದು ಕವಲು ಕೆರೆಯ ಕಡೆಗೆ ಹೋಗುತ್ತದೆ. ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗದಲ್ಲಿ ಧರ್ಮಾಂಬುಧಿ ಎಂಬ ಕೆರೆಯಿತ್ತು. ಸಂಪಂಗಿ ಕೆರೆಯ ಜಾಗದಲ್ಲಿ ಇಂದು ಕಂಠೀರವ ಕ್ರೀಡಾಂಗಣ ಇದೆ. ಇನ್ನೊಂದು ಕವಲು ನಲ್ಲಿಯ ಕಡೆಗೆ. ಹೆಸರಘಟ್ಟದಿಂದ ೧೮೯೦ರ ದಶಕದಲ್ಲಿ, ತಿಪ್ಪಗೊಂಡನಹಳ್ಳಿಯಿಂದ ೧೯೩೩ರಲ್ಲಿ, ಕಾವೇರಿಯಿಂದ ೧೯೭೪ರಲ್ಲಿ ನಗರಕ್ಕೆ ನೀರು ಬಂತು. ಮತ್ತೊಂದು ಕವಲು ಬಚ್ಚಲ ನೀರಿನ ಕಡೆಗೆ. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ ೨೦೧೮ರಲ್ಲಿ ಆರಂಭವಾಯಿತು. ಆ ಶುದ್ಧೀಕರಣ ಸಾಕೇ, ಇನ್ನೂ ಒಂದು ಹಂತ ಬೇಕೇ ಎಂಬ ಚರ್ಚೆಯೂ ಅದರ ಜೊತೆಯಲ್ಲೇ ಹುಟ್ಟಿತು. ನೋಡಿ, “ಜಲ ಸಂರಕ್ಷಣೆ” ಎಂಬ ಒಂದೇ ತಲೆಬರಹದ ಅಡಿಯಲ್ಲಿ ಎಷ್ಟು ಭಾಷಣಗಳು ಅಡಗಿ ಕುಳಿತಿವೆ.

ಮೂರನೆಯ ವಿಧಾನ ಆರು ಪ್ರಶ್ನೆಗಳು: ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ಸುದ್ದಿ ಬರೆಯುವವರು ದಿನವೂ ಬಳಸುವ ಉಪಕರಣಗಳಿವು. ಇವಕ್ಕೆ ನಾನು ಏಳನೆಯದೊಂದನ್ನು ಸೇರಿಸುತ್ತೇನೆ: ಎಷ್ಟು? ವಿಜ್ಞಾನ ಓದಿದ ನನಗೆ ಅದರ ಮೇಲೆ ಪ್ರೀತಿ ಹೆಚ್ಚು. ಕಾವೇರಿಯ ನೀರು ಬೆಂಗಳೂರಿಗೆ ಸುಮಾರು ೧೦೦ ಕಿಲೋಮೀಟರ್ ದೂರದಿಂದ ಬರುತ್ತದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಈ ಮೂರು ಕಡೆ ಪಂಪುಗಳು ಅದನ್ನು ಮೇಲೆತ್ತುತ್ತವೆ. ಕೊಳವೆಯೊಳಗಿನ ಘರ್ಷಣೆಯನ್ನೂ ಸೇರಿಸಿದರೆ ಒಟ್ಟು ಸುಮಾರು ೫೦೦ ಮೀಟರ್ ಎತ್ತರಕ್ಕೆ ಎತ್ತುವಷ್ಟು ಶ್ರಮ. ಪ್ರೌಢಶಾಲೆಯ ಸೂತ್ರವನ್ನೇ ಬಳಸಿ: ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ, ಈ ಮೂರರ ಗುಣಲಬ್ಧ. ಸಾವಿರ ಲೀಟರ್ ನೀರಿಗೆ ಅದು ೪೯ ಲಕ್ಷ ಜೂಲ್ ಆಗುತ್ತದೆ. ಒಂದು ಯೂನಿಟ್ ವಿದ್ಯುತ್ತೆಂದರೆ ೩೬ ಲಕ್ಷ ಜೂಲ್. ಅಂದರೆ, ಪಂಪಿನಲ್ಲಾಗುವ ನಷ್ಟವನ್ನು ಬಿಟ್ಟರೂ, ಸಾವಿರ ಲೀಟರಿಗೆ ಸುಮಾರು ೧.೪ ಯೂನಿಟ್ ಬೇಕೇ ಬೇಕು. “ನಲ್ಲಿ ತಿರುಗಿಸಿದಾಗ ನೀರಿನ ಜೊತೆ ವಿದ್ಯುತ್ತೂ ಸುರಿಯುತ್ತದೆ” ಎಂದು ನೀವು ಭಾಷಣ ಆರಂಭಿಸಿದರೆ ಸಭೆ ತಲೆ ಎತ್ತಿ ನೋಡದೆ ಇರುತ್ತದೆಯೇ? “ನೀರು ಅಮೂಲ್ಯ” ಎಂದು ಹತ್ತು ಸಲ ಹೇಳುವುದಕ್ಕಿಂತ ಈ ಒಂದು ಲೆಕ್ಕ ಹೆಚ್ಚು ಕೆಲಸ ಮಾಡುತ್ತದೆ.

ನಾಲ್ಕನೆಯ ವಿಧಾನ ಎಡೆಬಿಡದ ಬರವಣಿಗೆ. ಅಮೆರಿಕದ ಅಧ್ಯಾಪಕ ಪೀಟರ್ ಎಲ್ಬೊ ೧೯೭೩ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಇದು ಹೆಸರಾಯಿತು. ಹತ್ತು ನಿಮಿಷ ಪೆನ್ನು ಎತ್ತದೆ ಬರೆಯುವುದು. ಕಾಗುಣಿತ ತಪ್ಪಿದರೆ ತಪ್ಪಲಿ. ಬರೆಯಲು ಏನೂ ತೋಚದಿದ್ದರೆ “ಏನೂ ತೋಚುತ್ತಿಲ್ಲ” ಎಂದೇ ಬರೆಯಿರಿ. ಮುಗಿದ ಮೇಲೆ ಓದಿ, ಜೀವವಿರುವ ಒಂದು ಸಾಲಿಗೆ ಗೆರೆ ಹಾಕಿ. ಆ ಸಾಲಿನಿಂದ ಮತ್ತೆ ಹತ್ತು ನಿಮಿಷ. ಮಾತಿಗಿಂತ ಬರಹದಲ್ಲಿ ಸಲೀಸಾಗಿರುವ, ಸಂಕೋಚದ ಸ್ವಭಾವದವರಿಗೆ ಈ ವಿಧಾನ ಚೆನ್ನಾಗಿ ಒಗ್ಗುತ್ತದೆ.

ಇಷ್ಟಾದ ಮೇಲೆ ನಿಮ್ಮ ಮುಂದೆ ಕಲ್ಪನೆಗಳ ರಾಶಿ ಬಿದ್ದಿರುತ್ತದೆ. ಈಗ ತೂಗುವವನನ್ನು ಒಳಗೆ ಕರೆಯಿರಿ. ಅವನ ಕೈಗೆ ಮೂರು ಜರಡಿಗಳನ್ನು ಕೊಡಿ.

ಮೊದಲ ಜರಡಿ: ಇದು ನನಗೆ ನಿಜವಾಗಿ ಗೊತ್ತೇ? ಅಥವಾ, ಒಂದು ವಾರದಲ್ಲಿ ನಾನೇ ಕೇಳಿ, ಓದಿ, ನೋಡಿ ತಿಳಿಯಬಲ್ಲೆನೇ? ನೀರು ಬಿಡುವ ಕೆಲಸಗಾರರನ್ನು ಮಾತಾಡಿಸಬಹುದು, ಗ್ರಂಥಾಲಯಕ್ಕೆ ಹೋಗಬಹುದು, ಪುರಸಭೆಯ ಕಚೇರಿಯಲ್ಲಿ ವಿಚಾರಿಸಬಹುದು. ಅಂಕಿ ಅಂಶ ಸಿಕ್ಕರೆ ಎರಡು ಕಡೆ ತಾಳೆ ನೋಡಬೇಕು. ಮೊಬೈಲಿನಲ್ಲಿ ಬಂದದ್ದೆಲ್ಲ ಸತ್ಯವಲ್ಲ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಎರಡನೆಯ ಜರಡಿ: ಇದು ಕೇಳುವವರಿಗೆ ಏಕೆ ಬೇಕು? ನಿಮ್ಮ ಅಜ್ಜಿಯ ಉಪ್ಪಿನಕಾಯಿ ನಿಮಗೆ ಪ್ರಿಯ. ಸಭೆಗೆ ಅದರಿಂದೇನು? ಉಪ್ಪು ಹಾಕಿದ ಮಾವಿನಕಾಯಿ ವರ್ಷವಾದರೂ ಏಕೆ ಕೆಡುವುದಿಲ್ಲ ಎಂಬ ಕಡೆಗೆ ತಿರುಗಿಸಿದರೆ ಅಜ್ಜಿಯ ಜಾಡಿ ಎಲ್ಲರ ಜಾಡಿಯಾಗುತ್ತದೆ.

ಮೂರನೆಯ ಜರಡಿ: ಕೊಟ್ಟ ಸಮಯಕ್ಕೆ ಇದು ಹಿಡಿಯುತ್ತದೆಯೇ? ನನ್ನ ಅನುಭವದಲ್ಲಿ, ಅವಸರವಿಲ್ಲದೆ ಮಾತಾಡಿದರೆ ಐದು ನಿಮಿಷಕ್ಕೆ ನಾನೂರರಿಂದ ಐನೂರು ಕನ್ನಡ ಪದಗಳು ಸಾಕು. ಈ ಪುಟ್ಟ ಬುಟ್ಟಿಯಲ್ಲಿ “ಪರಿಸರ” ಕೂರುವುದಿಲ್ಲ. ಒಂದು ಬೀದಿಯ ನಲ್ಲಿ ಕೂರುತ್ತದೆ. ನಿಮ್ಮ ವಿಷಯವನ್ನು ಒಂದೇ ವಾಕ್ಯದಲ್ಲಿ ಹೇಳಿ ನೋಡಿ. ಆ ವಾಕ್ಯದಲ್ಲಿ ಕ್ರಿಯಾಪದ ಇದ್ದರೆ ಅದು ವಿಷಯ. ಬರಿಯ ನಾಮಪದ ಇದ್ದರೆ ಅದು ಇನ್ನೂ ತಲೆಬರಹ. “ಜಲ ಸಂರಕ್ಷಣೆ” ತಲೆಬರಹ. “ನಮ್ಮ ಬೀದಿಗೆ ನೀರು ಬಿಡುವ ಹೊತ್ತನ್ನು ಮೊದಲೇ ತಿಳಿಸಬೇಕು” ಎಂಬುದು ವಿಷಯ.

ಇಷ್ಟು ಸಣ್ಣ ವಿಷಯದಲ್ಲಿ ದೊಡ್ಡ ಮಾತು ಹೇಳಲು ಸಾಧ್ಯವೇ ಎಂದು ನೀವು ಕೇಳಬಹುದು. ಇಬ್ಬರು ದೊಡ್ಡವರ ಉದಾಹರಣೆ ಕೊಡುತ್ತೇನೆ. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿತು, ಜಗತ್ಪ್ರಸಿದ್ಧ ವಿಜ್ಞಾನಿಯಾದ ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗಾಗಿ ಉಪನ್ಯಾಸ ಕೊಡುತ್ತಿದ್ದರು. ೧೮೬೦–೬೧ರ ಆರು ಉಪನ್ಯಾಸಗಳಿಗೆ ಅವರು ಆರಿಸಿಕೊಂಡ ವಿಷಯ ಒಂದು ಮೇಣದ ಬತ್ತಿ. ಕರಗಿದ ಮೇಣ ಬತ್ತಿಯಲ್ಲಿ ಮೇಲೇರುವುದು ಹೇಗೆ, ಜ್ವಾಲೆ ಬೆಳಗುವುದು ಏಕೆ, ಉರಿದ ಮೇಲೆ ಮೇಣ ಎಲ್ಲಿಗೆ ಹೋಯಿತು, ಇಂಥ ಪ್ರಶ್ನೆಗಳಿಂದ ಹೊರಟು, ಬತ್ತಿ ಉರಿಯುವುದಕ್ಕೂ ನಾವು ಉಸಿರಾಡುವುದಕ್ಕೂ ಇರುವ ನಂಟಿನವರೆಗೆ ಅವರು ಮಕ್ಕಳನ್ನು ಕರೆದೊಯ್ದರು. ಆ ಉಪನ್ಯಾಸಗಳ ಪುಸ್ತಕ ಇಂದಿಗೂ ಓದುಗರನ್ನು ಪಡೆಯುತ್ತಿದೆ.

ಇನ್ನೊಬ್ಬರು ನಮ್ಮ ಬೆಂಗಳೂರಿನಲ್ಲೇ ಬಾಳಿದ ಸರ್ ಸಿ.ವಿ. ರಾಮನ್. ೧೯೨೧ರಲ್ಲಿ ಹಡಗಿನಲ್ಲಿ ಪ್ರಯಾಣ ಮಾಡುವಾಗ ಸಮುದ್ರದ ನೀಲಿ ಬಣ್ಣ ಅವರನ್ನು ಕಾಡಿತು. ಆ ಕಾಟದಿಂದ ಹೊರಟ ಸಂಶೋಧನೆ ೧೯೨೮ರ ಫೆಬ್ರವರಿ ೨೮ರಂದು ರಾಮನ್ ಪರಿಣಾಮಕ್ಕೆ ಮುಟ್ಟಿತು, ೧೯೩೦ರಲ್ಲಿ ನೊಬೆಲ್ ಪ್ರಶಸ್ತಿ ತಂದಿತು. ಎಂಬತ್ತರ ವಯಸ್ಸಿನಲ್ಲಿ, ೧೯೬೮ರ ಡಿಸೆಂಬರಿನಲ್ಲಿ, ಅಹಮದಾಬಾದಿನ ಸಮುದಾಯ ವಿಜ್ಞಾನ ಕೇಂದ್ರಕ್ಕೆ ಅಡಿಗಲ್ಲು ಹಾಕಲು ಹೋದಾಗ ಅವರು ಏನು ಮಾತಾಡಿದರು? “ಭಾರತೀಯ ವಿಜ್ಞಾನದ ಸಾಧನೆ” ಎಂದು ಮಾತಾಡಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಅವರು ಆರಿಸಿಕೊಂಡದ್ದು “ಆಕಾಶ ಏಕೆ ನೀಲಿ?” ಎಂಬ ವಿಷಯ. ಅದು ಯಾವ ಮಗುವೂ ಕೇಳಬಹುದಾದ ಪ್ರಶ್ನೆ. ಅದು ಅವರದೇ ಪ್ರಶ್ನೆಯೂ ಹೌದು.

ಕೆಲವು ಸಲ ವಿಷಯವನ್ನು ಆರಿಸುವ ಸ್ವಾತಂತ್ರ್ಯವೇ ನಿಮಗಿರುವುದಿಲ್ಲ. ಸ್ಪರ್ಧೆಯ ಸೂಚನಾಫಲಕದಲ್ಲಿ ಅದು ಬರೆದೇ ಇರುತ್ತದೆ. ಆಗಲೂ ದಾರಿಯುಂಟು. ಕೊಟ್ಟ ವಿಷಯವನ್ನು ಕವಲುಚಿತ್ರದ ನಡುವೆ ಬರೆಯಿರಿ. ನಿಮ್ಮ ಬದುಕನ್ನು ಮುಟ್ಟುವ ಒಂದು ಕವಲು ಸಿಗುವವರೆಗೆ ಗೆರೆ ಎಳೆಯಿರಿ. “ರಾಷ್ಟ್ರೀಯ ಭಾವೈಕ್ಯ” ಎಂದು ಕೊಟ್ಟಿದ್ದಾರೆಯೇ? ನಮ್ಮ ಅಡುಗೆಮನೆಯ ಮೆಣಸಿನಕಾಯಿ, ಆಲೂಗೆಡ್ಡೆ, ಟೊಮೆಟೊ ಮೂರೂ ಅಮೆರಿಕ ಖಂಡಗಳಿಂದ ಸಮುದ್ರ ದಾಟಿ ಬಂದವು. ಪರದೇಶದ ಮೆಣಸಿನಕಾಯಿ ಬ್ಯಾಡಗಿಯ ಹೆಸರನ್ನೇ ಪಡೆದು ನಮ್ಮದಾಯಿತು. ಹೊರಗಿನಿಂದ ಬಂದದ್ದು ನಮ್ಮದಾಗುವ ಬಗೆಯನ್ನು ಸಾರಿನ ತಟ್ಟೆಯಿಂದಲೇ ಆರಂಭಿಸಿ ಹೇಳಬಹುದು. ತೀರ್ಪುಗಾರರು ಆ ದಿನ ಕೇಳಿದ ಇಪ್ಪತ್ತು ಭಾಷಣಗಳಲ್ಲಿ ಇದು ನೆನಪಿನಲ್ಲಿ ಉಳಿಯುತ್ತದೆ. ಬಹುಮಾನ ಬಂದೇ ಬರುತ್ತದೆ ಎಂದು ನಾನು ಹೇಳಲಾರೆ. ನಡುವೆ ಒಂದು ಪದ ಮರೆತರೂ ನೀವು ಕಂಗೆಡುವುದಿಲ್ಲ ಎಂದು ಮಾತ್ರ ಹೇಳಬಲ್ಲೆ. ನೀವು ಕಂಡದ್ದನ್ನು ಹೇಳುವಾಗ ಆ ಪದ ಹೋದರೆ ಇನ್ನೊಂದು ಪದ ಸಿಗುತ್ತದೆ.

ಗೆಳೆಯರ ಜೊತೆ ಕೂಡಿ ಮಾತಾಡಿ ಎಂದೆನಲ್ಲ, ಅದಕ್ಕೊಂದು ಕ್ರಮವಿದೆ. ನಾಲ್ಕು ಜನ ಸೇರಿ. ಎಲ್ಲರೂ ಹತ್ತು ನಿಮಿಷ ಮೌನವಾಗಿ ಬರೆಯಿರಿ. ಆಮೇಲೆ ಒಬ್ಬೊಬ್ಬರು ಒಂದೊಂದನ್ನೇ ಓದಿ. ಉಳಿದವರು “ಚೆನ್ನಾಗಿದೆ”, “ಚೆನ್ನಾಗಿಲ್ಲ” ಎನ್ನದೆ ಒಂದೊಂದು ಪ್ರಶ್ನೆ ಕೇಳಲಿ. ಯಾವ ಸಂಗತಿಗೆ ಹೆಚ್ಚು ಪ್ರಶ್ನೆಗಳು ಬಂದವೋ ಅದೇ ಕೇಳುಗರಿಗೆ ಬೇಕಾದ ವಿಷಯ. ಆ ಪ್ರಶ್ನೆಗಳೇ ನಿಮ್ಮ ಭಾಷಣದ ಅರ್ಧ ಟಿಪ್ಪಣಿ.

ಆ ಹುಡುಗಿಯ ಕತೆ ಅರ್ಧಕ್ಕೆ ನಿಂತಿದೆ. “ಇದನ್ನೇ ಮಾತಾಡು” ಎಂದಾಗ ಅವಳು ಕೂಡಲೇ ಒಪ್ಪಲಿಲ್ಲ. “ಟಿ.ವಿ.ಯಲ್ಲಿ ಬಂದರೆ ಅಮ್ಮನಿಗೆ ಬೇಜಾರಾಗುತ್ತೆ ಸಾರ್. ನಮ್ಮ ಮನೆಯಲ್ಲಿ ನೀರಿಲ್ಲ ಅಂತ ಊರಿಗೆಲ್ಲ ಹೇಳಿದ ಹಾಗಾಗುತ್ತೆ” ಎಂದಳು. ನನಗೆ ಇದು ಹೊಳೆದೇ ಇರಲಿಲ್ಲ. ನನ್ನ ಕಣ್ಣಿಗೆ ಅದು ಒಳ್ಳೆಯ ವಿಷಯ. ಅವಳಿಗೆ ಅದು ಮನೆಯ ಮರ್ಯಾದೆ. ತಾಯಿಗೆ ಫೋನ್ ಮಾಡಿ ಕೇಳು, ಅವರು ಬೇಡವೆಂದರೆ ಬೇಡ ಎಂದೆ. ಅವಳು ಮೂಲೆಯಲ್ಲಿ ನಿಂತು ಮಾತಾಡಿ ಬಂದಳು. ತಾಯಿ ಹೇಳಿದ್ದು ಇಷ್ಟು: “ನಮ್ಮನೆ ಒಂದೇ ಅಂತ ಹೇಳಬೇಡ. ಬೀದಿಗೆಲ್ಲ ಹಂಗೇ ಅಂತ ಹೇಳು.”

ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿರದ ಆ ತಾಯಿ ಕೊಟ್ಟ ಸಲಹೆಗಿಂತ ಒಳ್ಳೆಯದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ನಿಮ್ಮ ಮನೆಯಿಂದ ಹೊರಡಿ, ಬೀದಿಯನ್ನು ಮುಟ್ಟಿ. ನಿಮ್ಮ ಬದುಕಿನ ಎಲ್ಲವನ್ನೂ ವೇದಿಕೆಗೆ ತರಬೇಕಾಗಿಲ್ಲ. ಯಾವುದು ನಿಮ್ಮೊಳಗೇ ಇರಬೇಕು, ಯಾವುದು ಎಲ್ಲರದಾಗಬೇಕು ಎಂದು ತೀರ್ಮಾನಿಸುವವರು ನೀವೇ. ತಂದುದನ್ನು ಮಾತ್ರ ಎಲ್ಲರದಾಗಿಸಿ ಕೊಡಿ.

ದೀಪಗಳು ಮತ್ತೆ ಹೊತ್ತಿದವು. ಕೈಯಲ್ಲಿ ಕಾಗದವಿಲ್ಲದೆ ಅವಳು ನಾಲ್ಕು ನಿಮಿಷ ಮಾತಾಡಿದಳು. ಬಿಂದಿಗೆಗಳ ಸಾಲು, ಮಳೆಗಾಲದಲ್ಲೂ ತುಂಬದ ಕೆರೆ, ನೀರು ಬಿಡುವ ಹೊತ್ತನ್ನು ಹಿಂದಿನ ದಿನವೇ ಹೇಳಿದರೆ ಮಕ್ಕಳು ಮಲಗಬಹುದು ಎಂಬ ಒಂದು ಬೇಡಿಕೆ, ಅಷ್ಟೆ. “ಪರಿಸರ” ಎಂಬ ಪದ ಒಮ್ಮೆಯೂ ಬರಲಿಲ್ಲ. ಕ್ಯಾಮೆರಾ ಹಿಡಿದಿದ್ದವರು ಮುಗಿದ ಮೇಲೆ ನನ್ನ ಹತ್ತಿರ ಬಂದು, “ನಮ್ಮೂರಲ್ಲೂ ಹೀಗೇ ಸಾರ್” ಎಂದರು.

ಇವತ್ತು ಸಂಜೆ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಒಂದು ಹಾಳೆಯ ಮೇಲೆ ೧ರಿಂದ ೩೦ರವರೆಗೆ ಅಂಕಿಗಳನ್ನು ಬರೆದು, ತುಂಬುತ್ತ ಹೋಗಿ. ಹದಿನೈದಕ್ಕೆ ಕೈ ನಿಂತಾಗ ಕಿಟಕಿಯ ಹೊರಗೆ ನೋಡಿ, ಅಡುಗೆಮನೆಯ ಕಡೆಗೊಮ್ಮೆ ನೋಡಿ, ಮತ್ತೆ ಬರೆಯಿರಿ. ಮುಂದಿನ ಸ್ಪರ್ಧೆಯಲ್ಲಿ ನಿಮ್ಮ ಹೆಸರು ಕೂಗಿದಾಗ, ನೀವು ಹೇಳದಿದ್ದರೆ ಬೇರಾರೂ ಹೇಳಲಾರದ ಒಂದು ಮಾತು ನಿಮ್ಮ ಬಳಿ ಇರಲಿ.